ಕೆಂಚರಾಯನ ಮೂರು ಕಾಲುವೆಗಳು

ಬೆಟ್ಟಗಳಿಗೂ ಮಾತು ಬರುತ್ತಿದ್ದ ಕಾಲದಲ್ಲಿ ಹೊಂಬೆಟ್ಟ ಎಂಬ ರಾಜ್ಯವಿತ್ತು. ಅಲ್ಲಿನ ಅರಮನೆಯಲ್ಲಿ ಒಂದು ಪದ್ಧತಿ. ದಾನ ಪಡೆಯುವವರನ್ನು ‘ನಿಮಗೇನು ಬೇಕು’ ಎಂದು ಕೇಳಬಾರದು. ಕೇಳಿದರೆ ಕೊಡುವವನ ಕೈ ಸಣ್ಣದಾಯಿತಂತೆ. ಹೀಗಾಗಿ ಬೋಳುತಲೆಯವರಿಗೆ ಬಾಚಣಿಗೆ ದಾನವಾದದ್ದೂ ಉಂಟು. ಪಡೆದವರು ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ದಾನಕ್ಕೆ ಕೊಟ್ಟ ಎಮ್ಮೆಯ ಹಲ್ಲು ಹಿಡಿದು ನೋಡುತ್ತಾರೆಯೇ?

ಆ ರಾಜ್ಯದ ರಾಜಕುಮಾರ ಕೆಂಚರಾಯ. ಅವನ ತಂಗಿ ಹೊನ್ನಲೆಯನ್ನು ಉರಿಗಣ್ಣನೆಂಬ ಮಾಂತ್ರಿಕ ಗಿಣಿ ಮಾಡಿ ಪಂಜರಕ್ಕೆ ಹಾಕಿ, ಪಂಜರವನ್ನು ಕೆಂಚರಾಯನ ಕೈಗಿತ್ತ. “ಬೆಟ್ಟದಾಚೆಯ ಕೆಮ್ಮಣ್ಣೂರಿಗೆ ನೀರು ತಾ. ಕೆಲಸ ಸಫಲವಾದರೆ ಪಂಜರ ತಾನಾಗಿ ತೆರೆಯುತ್ತದೆ. ಮೂರು ಸಲ ತಪ್ಪಿದೆಯೋ, ಇವಳು ಎಂದೆಂದಿಗೂ ಗಿಣಿ” ಎಂದ. ಸಫಲ ಎಂದರೆ ಏನೆಂದು ಅವನು ಹೇಳಲಿಲ್ಲ. ಕೆಂಚರಾಯ ಕೇಳಲೂ ಇಲ್ಲ.

ಬೇಗ ಮುಗಿಸಿದರೆ ಸಫಲವೆಂದುಕೊಂಡ ಕೆಂಚರಾಯ ಮಾಯದ ಬಿಳಿಯಾನೆಯನ್ನು ಕರೆದ. ಆನೆ ದಂತದಿಂದ ನೆಲ ಸೀಳಿ ಹುಣ್ಣಿಮೆಗೆ ಮೊದಲೇ ಕಾಲುವೆ ಮುಗಿಸಿತು. ನೀರೇನೋ ಬಂತು. ಆದರೆ ಎಷ್ಟು ಆಳದಲ್ಲಿ ಬಂತೆಂದರೆ ಊರಿನವರ ಯಾವ ಹಗ್ಗವೂ ಅದನ್ನು ಮುಟ್ಟಲಿಲ್ಲ. ಪಂಜರದ ಬಾಗಿಲು ಅಲುಗಲಿಲ್ಲ.

ಹಾಗಾದರೆ ಚೆಂದ ಕಾಣಬೇಕೇನೋ ಎಂದುಕೊಂಡು, ಕಲ್ಲು ಕೆತ್ತುವ ಇರುವೆಗಳಿಗೆ ಕೆಲಸ ಹಂಚಿದ. ಒಂದು ದಂಡಿಗೆ ಏರಿ, ಒಂದಕ್ಕೆ ಮೆಟ್ಟಿಲು, ಒಂದಕ್ಕೆ ಕೆತ್ತನೆ. ಒಂದು ದಂಡು ಮಾಡಿದ್ದು ಇನ್ನೊಂದಕ್ಕೆ ಗೊತ್ತಿಲ್ಲ. ಹೊಗಳುಭಟರು ಬಂದು ಹಾಡಿಯೂ ಹೋದರು. ಅವರ ಬೆನ್ನಿಗೇ ನೀರು ಭೋರ್ಗರೆದು ಬಂದು ನವಣೆಯ ಹೊಲಗಳನ್ನು ಗುಡಿಸಿಕೊಂಡು ಹೋಯಿತು. ಊರವರು ಮಾಳಿಗೆ ಹತ್ತಿ ಕೂತರು. ಪಂಜರ ಹಾಗೇ ಇತ್ತು.

ಕೆಂಚರಾಯನಿಗೆ ತಲೆ ಕೆಟ್ಟುಹೋಯಿತು. ಬೇಗ ಮಾಡಿದರೂ ಇಲ್ಲ, ಚೆಂದ ಮಾಡಿದರೂ ಇಲ್ಲ. ಇನ್ನು ಹೇಗೆ ಮಾಡಬೇಕು? ಅಷ್ಟರಲ್ಲಿ ಗಿಣಿ ಮೆಲ್ಲಗೆ ಕೇಳಿತು:

“ಅಣ್ಣಾ, ನಮ್ಮ ಅಮ್ಮನ ಹೆಸರೇನು?”

ಗಿಣಿಯಾದ ತಂಗಿಗೆ ಹಿಂದಿನದೆಲ್ಲ ಮರೆತುಹೋಗುತ್ತಿದೆ ಎಂದು ಅವನಿಗೆ ಆಗ ತಿಳಿಯಿತು. ಪದ್ಧತಿ ಹಾಳಾಗಲಿ ಎಂದುಕೊಂಡು ಕೆಸರಿನಲ್ಲಿ ನಡೆದು ಹೋಗಿ, ಮಾಳಿಗೆಯ ಮೇಲೆ ಕೂತಿದ್ದ ತಿಮ್ಮವ್ವನೆಂಬ ಮುದುಕಿಯೆದುರು ನಿಂತ.

“ಅವ್ವಾ, ನಿಮಗೇನು ಬೇಕು? ನನಗೊಂದೂ ತಿಳೀತಿಲ್ಲ.”

“ಅಂತೂ ಕೇಳಿದೆಯಲ್ಲ ಮಗಾ” ಎಂದಳು ತಿಮ್ಮವ್ವ. “ದನ ಬಗ್ಗಿ ಕುಡಿಯೋ ಹಾಗೆ ನೀರು ಮೇಲೆ ಬರಲಿ. ಬೇಕಾದಾಗ ಬಿಟ್ಟು, ಸಾಕಾದಾಗ ಮುಚ್ಚೋಕೆ ಒಂದು ತೂಬಿರಲಿ. ಅಷ್ಟೇ.”

ಮೂರನೆಯ ಕಾಲುವೆಗೆ ಅವನು ಆನೆಯನ್ನೂ ಕರೆಯಲಿಲ್ಲ, ಇರುವೆಯನ್ನೂ ಕರೆಯಲಿಲ್ಲ. ಊರವರೊಂದಿಗೆ ತಾನೂ ಗುದ್ದಲಿ ಹಿಡಿದ. ದಿನಾ ಸಂಜೆ ಸ್ವಲ್ಪ ನೀರು ಬಿಟ್ಟು ಎಲ್ಲಿ ನಿಲ್ಲುತ್ತದೆ, ಎಲ್ಲಿ ಸೋರುತ್ತದೆ ಎಂದು ಎಲ್ಲರೂ ಬಗ್ಗಿ ನೋಡುವರು. ಬೆಳಿಗ್ಗೆ ಅದನ್ನು ಸರಿಮಾಡಿ ಮುಂದಕ್ಕೆ ಅಗೆಯುವರು. ಕೊನೆಗೆ ತೂಬು ಕೂತಿತು, ನೀರು ಬಂತು, ದನ ಕುಡಿದವು.

ಪಂಜರ ತೆರೆಯಲಿಲ್ಲ.

ಕೆಂಚರಾಯ ತೂಬಿನ ಪಕ್ಕದಲ್ಲೇ ಕುಸಿದು ಕೂತ. ಇನ್ನೇನು ತಪ್ಪಾಯಿತೆಂದು ಅವನಿಗೆ ಹೊಳೆಯಲೇ ಇಲ್ಲ. ಬೆಳಗಾದರೆ ಊರವರು ಬಂದು, ನೀರು ಬಿಡಲೇ ದೊರೆ, ಎಷ್ಟು ಬಿಡಲಿ ದೊರೆ ಎಂದು ಕೇಳುವರು. ಅವನು ಎದ್ದು ತೋರಿಸಿಕೊಡುವನು. ಮತ್ತೆ ಬಂದು ಪಂಜರ ನೋಡುತ್ತ ಕೂರುವನು.

ಒಂದು ಬೆಳಿಗ್ಗೆ ತಿಮ್ಮವ್ವನ ಸೊಸೆ ಬಂದಳು. ತಾನೇ ತೂಬು ತೆಗೆದಳು, ಹೊಲಕ್ಕೆ ಬೇಕಾದಷ್ಟು ನೀರು ಬಿಟ್ಟುಕೊಂಡಳು, ಕಾಲಿಗೆ ಅಡ್ಡ ಬಂದ ಕರುವನ್ನು ಬೈದಳು, ತೂಬು ಮುಚ್ಚಿ ಮನೆಗೆ ಹೋದಳು. ರಾಜಕುಮಾರನ ಕಡೆ ತಿರುಗಿಯೂ ನೋಡಲಿಲ್ಲ.

ಪಂಜರದ ಬಾಗಿಲು ತೆರೆಯಿತು.

ಹೊನ್ನಲೆ ಹೊರಗೆ ಕಾಲಿಟ್ಟು ಅಮ್ಮನ ಹೆಸರು ಹೇಳಿದಳು. ಕೆಂಚರಾಯ ಗಳಗಳ ಅತ್ತ. ಆ ಕಡೆ ಉರಿಗಣ್ಣನ ಮಂತ್ರವೆಲ್ಲ ಇಂಗಿ, ಅವನು ಗುಬ್ಬಿಯಷ್ಟು ಕಪ್ಪೆಯಾಗಿ ಕೆಸರಿಗೆ ನೆಗೆದ. ಅಣ್ಣತಂಗಿ ಅರಮನೆ ಸೇರಿದರು, ಕೆಮ್ಮಣ್ಣೂರಿನ ನವಣೆ ಕಣಜ ತುಂಬಿತು, ಎಲ್ಲರೂ ಸುಖವಾಗಿ ಬಾಳಿದರು. ಈ ಕಾಲುವೆ ಯಾರು ತೋಡಿಸಿದ್ದು ಎಂದು ದಾರಿಹೋಕರು ಕೇಳಿದರೆ ಆ ಊರವರು “ಯಾರು ಅಂದರೆ? ನಾವೇ” ಎನ್ನುತ್ತಿದ್ದರು. ಆ ಮಾತು ಕಿವಿಗೆ ಬಿದ್ದ ದಿನ ಕೆಂಚರಾಯ ಎರಡು ತುತ್ತು ಹೆಚ್ಚೇ ಉಣ್ಣುತ್ತಿದ್ದ.