ಚರಗದ ದಿನ ಹೊಳೆಮಣ್ಣೂರಿಗೆ

ಮುಂದೆ ಶ್ವೇತಾ ಬುಟ್ಟಿ ಹಿಡಿದು ನಡೆದಿದ್ದಳು. ಹಿಂದೆ ಲೆಫ್ಟಿನೆಂಟ್ ಸಂಗನಬಸವ ನೀರಿನ ತಂಬಿಗೆ ಹಿಡಿದಿದ್ದ.

ಬೆಳವಣಕಿಯ ಎರೆಹೊಲದಲ್ಲಿ ಅಂದು ಶೀಗಿ ಹುಣ್ಣಿಮೆಯ ಚರಗ. ಬಸುರಿ ಭೂತಾಯಿಗೆ ಬಯಕೆಯ ಊಟವೆಂದು ಒಬ್ಬರು ಕಡುಬು, ಅನ್ನ, ಪಲ್ಯ ಕಲಸಿ ಬೆಳೆಯ ಮೇಲೆ ಚೆಲ್ಲುತ್ತ ಹೋಗಬೇಕು, ಇನ್ನೊಬ್ಬರು ಹಿಂದಿನಿಂದ ನೀರು ಚಿಮುಕಿಸಬೇಕು. ಮದುವೆ ನಿಶ್ಚಯವಾದ ಮೇಲೆ ಅಳಿಯ ಮೊದಲ ಸಲ ರಜೆಗೆ ಬಂದಿದ್ದಾನೆಂದು ಶ್ವೇತಾಳ ತಂದೆ ಗುರುಸಂಗಪ್ಪನವರು ಜೋಡಿಯನ್ನು ಮುಂದೆ ಕಳಿಸಿ, ತಾವು ಬನ್ನಿಗಿಡದ ನೆರಳಲ್ಲೇ ಜಾಣತನದಿಂದ ಉಳಿದುಕೊಂಡಿದ್ದರು.

“ಹುಲ್ಲುಲ್ಲಿಗೋ!” ಎಂದು ಚರಗದ ಕೂಗು ಹಾಕಿದಳು ಶ್ವೇತಾ.

ಹಿಂದಿನವನು “ಚಲ್ಲಂಬ್ರಿಗೋ” ಎನ್ನಬೇಕಿತ್ತು, ಅನ್ನಲಿಲ್ಲ. ತಿರುಗಿ ನೋಡಿದರೆ ಅವನ ಕಣ್ಣು ನೆಲದ ಮೇಲಿತ್ತು. ಹಸಿ ಮಣ್ಣಿನಲ್ಲಿ ಅವಳ ಪಾದ ಮೂಡಿದಲ್ಲೇ ಅವನು ತನ್ನ ಪಾದ ಇಡುತ್ತಿದ್ದ. ಪರೀಕ್ಷೆ ಮಾಡಲೆಂದು ಅವಳು ಎರಡು ಸಾಲು ಆಚೆ ಹೋಗಿ ಮತ್ತೆ ಈಚೆ ಬಂದಳು. ಅವನೂ ಆಚೆ ಹೋಗಿ ಈಚೆ ಬಂದ, ಒಂದು ಹೆಜ್ಜೆಯೂ ತಪ್ಪದಂತೆ.

ಅವಳ ಕೆನ್ನೆ ಬಿಸಿಯಾಯಿತು. ಐದು ತಿಂಗಳು ಫೋನಿನಲ್ಲಿ ಹ್ಞೂಂ, ಉಹ್ಞೂಂ ಬಿಟ್ಟು ಏನೂ ಆಡದ ಮನುಷ್ಯ ಇವನು.

“ಲಗ್ನಕ್ಕಿನ್ನೂ ಎರಡ ತಿಂಗಳ ಐತ್ರಿ. ಈಗಿಂದನ ನನ್ನ ಹೆಜ್ಜಿ ಹಿಡಕೊಂಡು ಬರಾಕತ್ತೀರಲ್ಲ!” ಎಂದು ಕಣ್ಣಂಚಿನಲ್ಲೇ ನಕ್ಕಳು.

ಸಂಗನಬಸವ ನಗಲಿಲ್ಲ. ಅವನ ಹಣೆಯ ಮೇಲೆ ಬೆವರಿತ್ತು.

ಶ್ವೇತಾ ರೋಣದ ತಮ್ಮ ಬೀಜ-ಗೊಬ್ಬರದ ಅಂಗಡಿಯ ಗಲ್ಲೆಯ ಮೇಲೆ ಕೂತು, ಬಂದವರ ಮುಖ ನೋಡಿಯೇ ಅರ್ಧ ಮಾತು ತಿಳಿಯುವವಳು. ಇದು ಚೇಷ್ಟೆಯಲ್ಲ ಎಂದು ಅವಳಿಗೆ ತಕ್ಷಣ ಗೊತ್ತಾಯಿತು.

“ಬದುವಿನ ಮ್ಯಾಲ ಕುಂಡ್ರೂಣು. ಒಂದ ಮಾತು ಹೇಳೂದೈತಿ,” ಎಂದ ಅವನು.

“ಚರಗ ಅರ್ಧಕ್ಕ ಬಿಡಬಾರ್ದ್ರಿ. ಕೊಡ್ರಿ ತಂಬಿಗಿ.” ಅವಳೊಬ್ಬಳೇ ಚೆಲ್ಲಿ, ಅವಳೇ ನೀರು ಚಿಮುಕಿಸಿ, ಎರಡೂ ಕೂಗನ್ನು ತಾನೇ ಕೂಗುತ್ತ ಸುತ್ತು ಮುಗಿಸಿದಳು. ಆಮೇಲೆ ಬಂದು ಅವನ ಪಕ್ಕದಲ್ಲಿ ಕೂತಳು.

“ಈ ಲಗ್ನ ಬ್ಯಾಡ, ಶ್ವೇತಾ,” ಎಂದ. ತನ್ನೂರು ಅಬ್ಬಿಗೇರಿಯಿಂದ ಬರುವಾಗ ದಾರಿಯುದ್ದಕ್ಕೂ ಇದೊಂದೇ ವಾಕ್ಯವನ್ನು ಬಾಯಿಪಾಠ ಮಾಡಿಕೊಂಡು ಬಂದಿದ್ದ.

“ಯಾಕಂತ ಹೇಳ್ರಿ,” ಎಂದಳು ಅವಳು. ದನಿ ಸಣ್ಣದಾಗಿತ್ತು.

ಅವನು ಹೇಳಿದ. ಮೇ ತಿಂಗಳಿನಲ್ಲಿ ಗಡಿಯಲ್ಲಿ ಅವನಿದ್ದ ಗುಡ್ಡದ ಮೇಲೆ ನಾಲ್ಕು ದಿನ ಶೆಲ್ ಬಿದ್ದವು. ಅವನಿಗೆ ಇಪ್ಪತ್ನಾಲ್ಕು ವರ್ಷ, ಕೈಕೆಳಗೆ ಮೂವತ್ತು ಜನ. ಚಹಾದಲ್ಲಿ ಮಣ್ಣು, ಹಲ್ಲಿನಲ್ಲಿ ಮಣ್ಣು. ಪ್ರತಿ ಶೆಲ್ ಬಿದ್ದಾಗಲೂ ಆ ಮೂವತ್ತು ಜನ ಆಕಾಶ ನೋಡುತ್ತಿರಲಿಲ್ಲ, ಅವನ ಮುಖ ನೋಡುತ್ತಿದ್ದರು. ಸಾಯುವುದಕ್ಕಿಂತ ಹೆಚ್ಚಾಗಿ ಅವನು ತನ್ನ ಮುಖಕ್ಕೇ ಹೆದರಿದ್ದ.

ಮೂರನೆಯ ದಿನ ಮಧ್ಯಾಹ್ನ, ಕೆಳಗಿನ ಚೌಕಿಯಲ್ಲಿದ್ದ ಜವಾನ ನವಾಜನ ತೊಡೆಗೆ ಶೆಲ್ಲಿನ ಚೂರು ಹೊಕ್ಕಿತು. ಮೇಲಿನಿಂದ ಬಳಸಿ ಹೋದರೆ ಒಂದು ತಾಸು. ಅಷ್ಟರಲ್ಲಿ ಅವನ ರಕ್ತವೆಲ್ಲ ಹರಿದು ಹೋಗುತ್ತಿತ್ತು. ಹಳ್ಳದ ಪಕ್ಕದಿಂದ ಹತ್ತೇ ನಿಮಿಷ. ಅಲ್ಲಿ ನೆಲದೊಳಗೆ ಕಾಲಿಟ್ಟರೆ ಸಿಡಿಯುವ ಹಳೆಯ ಮೈನುಗಳಿದ್ದವು, ಆದರೆ ನಡುವೆ ಸುರಕ್ಷಿತ ದಾರಿಯಿದೆಯೆಂದು ನಕಾಶೆ ಹೇಳುತ್ತಿತ್ತು. ಜೊತೆಗೆ ಹೊರಟವನು ಹೊಳೆಮಣ್ಣೂರಿನ ಸಿಪಾಯಿ ಉಮೇಶ.

“ಸರ್, ನಿನ್ನಿ ಮಳಿಗೆ ಇಲ್ಲೆ ನೀರು ಹರದೈತ್ರಿ,” ಅಂದಿದ್ದ ಉಮೇಶ. “ನೀರು ಹರದ ಜಾಗಾ ಮೊದ್ಲಿನಂಗ ಇರೂದಿಲ್ಲ, ಮೈನ್ ಜರದಿರ್ತಾವ. ನಮ್ಮೂರಾಗ ಹೊಳಿ ಬಂದು ಹೋದ್ರ ಹೊಲದ ಗಡಿಕಲ್ಲ ಸೈತ ಇದ್ದಲ್ಲೆ ಇರೂದಿಲ್ರಿ. ಬಳಸಿ ಹೋಗೂಣು.”

ಅಬ್ಬಿಗೇರಿಯವನಿಗೆ ಹೊಳೆಯ ಬುದ್ಧಿ ಎಲ್ಲಿಂದ ಬರಬೇಕು? ಅವನ ಹೊಲದಲ್ಲಿ ಮುತ್ತಜ್ಜ ನೆಟ್ಟ ಗಡಿಕಲ್ಲು ಇವತ್ತಿಗೂ ನೆಟ್ಟಲ್ಲೇ ಇದೆ. ಜಾಗ ಬದಲಿಸುವ ನೆಲವನ್ನು ಅವನು ಕಂಡವನೇ ಅಲ್ಲ.

“ನಕಾಶದಾಗ ದಾರಿ ಕ್ಲಿಯರ್ ಐತಿ. ನಡಿ,” ಅಂದುಬಿಟ್ಟ.

“ಹಂಗಾರ ನಾ ಮುಂದ ನಡೀತೀನ್ರಿ. ನೀವು ನನ್ನ ಹೆಜ್ಜಿ ಮ್ಯಾಲ ಹೆಜ್ಜಿ ಇಟ್ಕೊಂಡು ಬರ್ರಿ.”

ಉಮೇಶ ನಲವತ್ತು ಹೆಜ್ಜೆ ನಡೆದ. ಹೊಗೆ ಕರಗಿದಾಗ ಸಂಗನಬಸವ ಕೊನೆಯ ಹೆಜ್ಜೆಗುರುತಿನ ಮೇಲೆ ನಿಂತಿದ್ದ. ಅದರಾಚೆ ಕಾಲಿಡಲು ಗುರುತೇ ಇರಲಿಲ್ಲ. ಕೆಳಗೆ ನವಾಜ ಕೂಗುತ್ತಿದ್ದ. ಹ್ಯಾಗೆ ಹೋದನೋ, ಹ್ಯಾಗೆ ಅವನನ್ನು ಹೊತ್ತು ತಂದನೋ ಅವನಿಗೇ ನೆನಪಿಲ್ಲ. ನವಾಜ ಬದುಕಿದ. ಪೇಪರಿನಲ್ಲಿ ಲೆಫ್ಟಿನೆಂಟ್ ಸಾಹೇಬರ ಫೋಟೋ ಬಂತು. ಮೊನ್ನೆ ಅಬ್ಬಿಗೇರಿಯಲ್ಲಿ ತೆರೆದ ಜೀಪಿನಲ್ಲಿ ನಿಲ್ಲಿಸಿ ಊರೆಲ್ಲ ಸುತ್ತಿಸಿದರು.

“ಉಮೇಶನ ಅವ್ವಗ ಪತ್ರ ಬರದೆ, ನಿಮ್ಮ ಮಗ ಧೈರ್ಯದಿಂದ ಪ್ರಾಣ ಕೊಟ್ಟ ಅಂತ. ಅಂವ ಬ್ಯಾಡ ಅಂದಿದ್ದು ಬರೀಲಿಲ್ಲ. ನೀ ಒಪ್ಪಿದ್ದು ಪೇಪರಿನ್ಯಾಗಿನ ಮನಶ್ಯಾಗ, ಶ್ವೇತಾ. ಅಂವ ನಾ ಅಲ್ಲ.”

ಶ್ವೇತಾ ಕಾಲಿಗೆ ಮೆತ್ತಿದ ಎರೆಮಣ್ಣನ್ನು ಕಡ್ಡಿಯಿಂದ ಕೆರೆಯುತ್ತ ಕೂತಳು. ಆಮೇಲೆ ಕಡ್ಡಿ ಒಗೆದಳು.

“ಪೇಪರಿನ್ಯಾಗ ಬರೂಕಿನ್ನ ಮೊದ್ಲ ಒಪ್ಪೇನಿ ನಾ. ಅದಿರ್ಲಿ. ಆ ಅವ್ವನ ಮುಂದ ಇದನ್ನ ಹೇಳೀರೇನು?”

“ಇಲ್ಲ.”

“ಹಂಗಾರ ನನಗ್ಯಾಕ ಮೊದ್ಲ ಹೇಳಿದ್ರಿ? ನನ್ನ ಬಿಡೂದು ಸಲೀಸು, ಆಕಿ ಮುಂದ ಕುಂಡ್ರೂದು ಕಷ್ಟ. ಅದಕ್ಕಲ್ಲ?”

ಅವನಿಗೆ ಇಷ್ಟು ಜನ ಶಾಲು ಹೊದಿಸಿದ್ದರು, ಒಬ್ಬರೂ ಹೀಗೆ ಕೇಳಿರಲಿಲ್ಲ. ಈ ಹುಡುಗಿಯನ್ನು ತಾನು ಎಷ್ಟು ಪ್ರೀತಿಸುತ್ತಿದ್ದೇನೆಂದು ಅವಳು ಬೈದ ಆ ಕ್ಷಣದಲ್ಲೇ ಅವನಿಗೆ ತಿಳಿದದ್ದು.

“ಏಳ್ರಿ,” ಎಂದಳು. “ಲಗ್ನ ಇಟ್ಕೊಳ್ಳೂದೋ ಬಿಡೂದೋ, ಆ ಅವ್ವನ ಮನಿಗೆ ಹೋಗಿ ಬಂದಮ್ಯಾಲ ಮಾತಾಡೂಣು.”

ಅಪ್ಪನಿಗೆ ಏನು ಹೇಳಿದಳೋ, ಸ್ಕೂಟಿ ಅವಳೇ ಓಡಿಸಿದಳು. ರೋಣ ದಾಟಿ ಇಬ್ಬರೂ ಹೊಳೆಮಣ್ಣೂರು ಮುಟ್ಟಿದರು.

ಉಮೇಶನ ಅವ್ವ ಸಕ್ರವ್ವ ಪಡಸಾಲೆಯಲ್ಲಿ ಶೇಂಗಾ ಸುಲಿಯುತ್ತ ಕೂತಿದ್ದಳು. ಗೋಡೆಯ ಮೇಲೆ ನೆರೆಯ ನೀರು ನಿಂತ ಕಲೆ, ಅದರ ಮೇಲೆ ಸಮವಸ್ತ್ರದ ಉಮೇಶನ ಫೋಟೋ. ಕುರ್ಚಿ ಕೊಟ್ಟರೂ ಕೂಡದೆ ಸಂಗನಬಸವ ನೆಲದ ಮೇಲೆ ಕೂತ. ಒಂದನ್ನೂ ಬಿಡದೆ ಹೇಳಿದ. ಶ್ವೇತಾ ಬಾಗಿಲಲ್ಲೇ ನಿಂತಿದ್ದಳು, ಒಂದು ಮಾತಿನ ಸಹಾಯವನ್ನೂ ಮಾಡಲಿಲ್ಲ.

ಸಕ್ರವ್ವನ ಬೆರಳುಗಳು ನಿಂತವು.

“ಅಂವ ಬ್ಯಾಡ ಅಂದಿದ್ನ?”

“ಹೌದವ್ವಾ. ನಾ ಕೇಳಲಿಲ್ಲ.”

“ಐದ ತಿಂಗಳಾತು. ಯಾರ್ಯಾರೋ ದೊಡ್ಡಾವ್ರು ಬಂದ್ರು. ಎಲ್ಲಾರೂ ನಿನ್ನ ಮಗ ಧೈರ್ಯವಂತ ಅಂದ್ರು. ಅಂವ ಶಾಣ್ಯಾ ಇದ್ದ ಅಂತ ಒಬ್ರೂ ಅನ್ಲಿಲ್ಲ.” ಅಷ್ಟು ಹೇಳಿ ಸೆರಗು ಬಾಯಿಗೆ ಒತ್ತಿಕೊಂಡಳು. ಅವನೂ ಅತ್ತ, ಗುಡ್ಡದ ಮೇಲೆ ಅಳಲಾಗದ್ದನ್ನೆಲ್ಲ ಅತ್ತ.

ಆಮೇಲೆ ಮುದುಕಿ ಅಂದಳು: “ನಿಮ್ಮ ಮ್ಯಾಲ ನನಗ ಸಿಟ್ಟೈತ್ರಿ, ಸಾಹೇಬ್ರ. ಸುಳ್ಳ ಯಾಕ ಹೇಳ್ಲಿ? ಅದು ಹೋಗ್ತೈತೋ ಇಲ್ಲೋ ಗೊತ್ತಿಲ್ಲ. ಆದ್ರ ನೀವು ಮನಿಗೆ ಬರ್ಕೋತ ಇರ್ಬೇಕು. ಅಂವ ಅಲ್ಲೆ ಏನ ಉಣ್ತಿದ್ದ, ಏನ ಮಾತಾಡ್ತಿದ್ದ, ಎಲ್ಲಾ ಹೇಳ್ಬೇಕು.”

“ಬರ್ತೀನವ್ವಾ.”

ಸಕ್ರವ್ವ ಕಣ್ಣೊರೆಸಿಕೊಂಡು ಬಾಗಿಲ ಕಡೆ ನೋಡಿದಳು. “ಅಲ್ಲೆ ನಿಂತಾಕಿ ಯಾರು?”

ಸಂಗನಬಸವ ತಿರುಗಿದ. ಬೆಳಗಿನಿಂದ ಅವನನ್ನು ನೇರವಾಗಿ ನೋಡುತ್ತಿದ್ದ ಕಣ್ಣುಗಳು ಈಗ ಹೊಸ್ತಿಲು ನೋಡುತ್ತಿದ್ದವು. ಅಷ್ಟು ಗಟ್ಟಿ ಹುಡುಗಿ ಚೌಕಟ್ಟನ್ನು ಬಿಗಿಯಾಗಿ ಹಿಡಿದುಕೊಂಡಿದ್ದಳು.

“ನನ್ನ ಹೇಂತಿ ಆಗಾಕಿ, ಅವ್ವಾ,” ಎಂದ. ಒಂದು ಉಸಿರು ತಡೆದು, “ಆಕಿ ಇನ್ನೂ ಒಪ್ಪಿದ್ರ,” ಎಂದ.

ಶ್ವೇತಾ ಚಪ್ಪಲಿ ಬಿಟ್ಟು ಒಳಗೆ ಬಂದು ಸಕ್ರವ್ವನ ಪಕ್ಕದಲ್ಲಿ ಕೂತಳು. ಮೊರದಿಂದ ಒಂದು ಬೊಗಸೆ ಶೇಂಗಾ ತನ್ನ ಉಡಿಗೆ ಹಾಕಿಕೊಂಡಳು.

“ಒಪ್ಪೇನ್ರಿ, ಅವ್ವಾ,” ಎಂದು ಸುಲಿಯತೊಡಗಿದಳು.