ಕಲ್ಲಿನ ಮೇಲಿಡದ ಚಾಕು

"ಇದನ್ನ ಚಾಕು ಅಂತಾರೇನ್ರೀ? ಬದನೆಕಾಯಿ ಕೂಡ ಹೆದರಲ್ಲ ಇದಕ್ಕೆ!"

ಜಗದಾಂಬಾ ಮಿರಮಿರ ಮಿಂಚುವ ಚಾಕುವನ್ನು ಚಪ್ಪಡಿ ಕಲ್ಲಿನ ಮೇಲೆ ಕುಕ್ಕಿದಳು. ಅವಳ ಹೆಬ್ಬೆರಳಿಗೆ ಸುತ್ತಿದ್ದ ಬಟ್ಟೆಯಲ್ಲಿ ಇನ್ನೂ ರಕ್ತ ಒಸರುತ್ತಿತ್ತು.

ಅದು ೧೯೫೪. ಮಾಗಡಿ ರಸ್ತೆಯಿಂದ ಹೊಸಹಳ್ಳಿಗೆ ತಿರುಗುವಲ್ಲಿ, ಹೊಂಗೆ ಮರದ ಕೆಳಗೆ ಕರಿಬಸಪ್ಪ ಸಾಣೆಚಕ್ರ ಇಟ್ಟುಕೊಂಡಿದ್ದ. ಹಳೆಯ ಲಾರಿಯ ಸ್ಪ್ರಿಂಗ್ ಪಟ್ಟಿ ಕಾಯಿಸಿ, ಬಡಿದು, ತಾನೇ ಚಾಕು ಮಾಡಿ ಮಾರುತ್ತಿದ್ದ.

"ಇದು ನಾನು ಮಾರಿದ್ದಲ್ಲ ಕಣಮ್ಮ."

"ಗೊತ್ತು. ಪೇಟೇಲಿ ತಗೊಂಡಿದ್ದು. ಚೂಪು ಮಾಡ್ಕೊಡಿ ಸಾಕು."

"ಇದನ್ನ ಮುಟ್ಟಿದ್ರೆ ನನ್ನ ಚಕ್ರ ಬೇಜಾರು ಮಾಡ್ಕೊಳ್ಳುತ್ತೆ!"

ನಗಬಾರದು ಅಂದುಕೊಂಡಳು... ನಕ್ಕುಬಿಟ್ಟಳು.

ಗಿರಣಿಯ ಕೆಲಸಗಾರರಿಗೆ ಬುತ್ತಿ ಕಟ್ಟಿಕೊಟ್ಟು ತಾಯಿ ಅಕ್ಕಯ್ಯಮ್ಮನನ್ನು ಸಾಕುತ್ತಿದ್ದವಳು ಅವಳು. ಚಾಕು ಮೊಂಡಾದರೆ ಅವಳ ಬೆಳಗೇ ಮೊಂಡು.

ಅವನು ಕಪ್ಪಗಿನ ಒಂದು ಚಾಕು ತೆಗೆದ. "ಹೊಳಪು ನೋಡಿ ಮೋಸ ಹೋಗ್ಬೇಡಿ. ಬೆನ್ನು ದಪ್ಪ, ಬಾಯಿ ತೆಳು ಇರ್ಬೇಕು. ಕಬ್ಬಿಣ ಹಿಡಿಯ ಕೊನೇವರೆಗೂ ಹೋಗಿರ್ಬೇಕು. ಉಗುರಲ್ಲಿ ಮೀಟಿ ನೋಡಿ..."

ಟಿಣ್! ಸಣ್ಣ ಗಂಟೆಯಂಥ ಸದ್ದು.

"ಹನ್ನೆರಡಾಣೆ. ನೋಡ್ಕೊಂಡ್ರೆ ಇಪ್ಪತ್ತು ವರ್ಷ ಬರುತ್ತೆ. ನಿಂಬೆಹಣ್ಣು ಕೊಯ್ದ ಕೂಡ್ಲೇ ತೊಳೆದು ಒರೆಸಿ. ಮಲಗೋ ಮುಂಚೆ ಒಂದು ತೊಟ್ಟು ಹರಳೆಣ್ಣೆ. ಪಾತ್ರೆ ರಾಶೀಲಿ ಎಸೀಬೇಡಿ. ದಿನಾ ಪಿಂಗಾಣಿ ಲೋಟದ ತಳಕ್ಕೆ ನಾಲ್ಕು ಸಲ ಎಳೀರಿ, ಅಲ್ಲಿ ತರಿತರಿ ಇರುತ್ತಲ್ಲ, ಅಲ್ಲಿ."

"ಮಗು ಸಾಕೋದೇ ಸುಲಭ ಅನ್ಸುತ್ತೆ!"

ಅವನು ನಕ್ಕು ಚಾಕುವನ್ನು ಕಲ್ಲಿನ ಮೇಲಿಟ್ಟ. ಅವಳು ಅಲ್ಲಿಂದ ಎತ್ತಿಕೊಂಡಳು. ಚಾಕುವನ್ನು ಕೈಯಿಂದ ಕೈಗೆ ಕೊಟ್ಟರೆ ಇಬ್ಬರಿಗೂ ಜಗಳವಾಗಿ ಸಂಬಂಧವೇ ಮುರಿಯುತ್ತದೆಂದು ಆ ಕಡೆ ಎಲ್ಲರೂ ನಂಬಿದ್ದರು.

ಆಮೇಲೆ ಹದಿನೈದು ದಿನಕ್ಕೊಂದು ಶನಿವಾರ ಜಗದಾಂಬಾ ಬರತೊಡಗಿದಳು.

"ಮೊಂಡಾಗಿದೆ."

"ಕೂದಲು ಸೀಳುತ್ತೆ ಇದು. ಸುಳ್ಳು ಹೇಳ್ತೀರಾ?"

"ಹೂಂ. ಸುಳ್ಳು! ಏನೀಗ?"

ಆರು ತಿಂಗಳಾದ ಮೇಲೊಂದು ಶನಿವಾರ ಅವನು ಚಕ್ರ ನಿಲ್ಲಿಸಿ ತಲೆ ತಗ್ಗಿಸಿದ. "ಇನ್ನು ಹದಿನೈದು ದಿನ ಬಿಟ್ಟು, ಸೋಮವಾರ, ನಮ್ಮಕ್ಕ ನೀಲಮ್ಮನ್ನ ಕರ್ಕೊಂಡು ಮನೆಗೆ ಬರ್ತೀನಿ. ನಿಮ್ಮಮ್ಮನ್ನ ಕೇಳೋಕೆ..."

ಆ ಹದಿನೈದು ದಿನ ಅವಳು ಹೆಚ್ಚಿದ ಹುರುಳಿಕಾಯಿಯೆಲ್ಲ ಒಂದೇ ಅಳತೆ!

ಸೋಮವಾರಕ್ಕೆ ಎರಡೇ ದಿನವಿದ್ದಾಗ, ಎಂದಿನಂತೆ ಶನಿವಾರ ಹೋದಳು. ಕರಿಬಸಪ್ಪ ಮುಖ ಎತ್ತಲಿಲ್ಲ. ಸಾಣೆ ಹಿಡಿದು ಮುಗಿಸಿ, ಚಾಕುವನ್ನು ನೇರವಾಗಿ ಅವಳ ಕೈಯತ್ತ ಚಾಚಿದ.

ಕಲ್ಲು ಪಕ್ಕದಲ್ಲೇ ಇತ್ತು. ಅವಳು ಕಾದಳು.

"ತಗೊಳ್ಳಿ, ಬೇಗ!" ದನಿ ಒರಟಾಗಿತ್ತು.

ತೆಗೆದುಕೊಂಡಳು. 'ಬೇಡ ಅಂತ ಬಾಯಲ್ಲಿ ಹೇಳೋಕಾಗ್ದೆ ಹೀಗೆ ಹೇಳಿದ್ನಾ... ನಾನೇನು ತಪ್ಪು ಮಾಡ್ದೆ?'

ಸೋಮವಾರ ಸಂಜೆ ಬಾಗಿಲು ಬಡಿದ ಸದ್ದು.

"ಯಾರೋ ಬಂದಿದಾರೆ ಕಣೇ," ಎಂದರು ಅಕ್ಕಯ್ಯಮ್ಮ.

ಕಿಟಕಿಯ ಸಂದಿಯಲ್ಲಿ ಅವನ ಬಿಳಿ ಪಂಚೆ ಕಂಡಿತು. 'ಅಮ್ಮನ ಎದುರಿಗೇ ಬೇಡ ಅನ್ನೋಕೆ ಬಂದಿದಾನೆ.' ಅದನ್ನು ಕೇಳಿಸಿಕೊಳ್ಳುವ ಶಕ್ತಿ ಅವಳಿಗಿರಲಿಲ್ಲ.

"ತೆಗೀಬೇಡಮ್ಮ. ನನ್ನಾಣೆ!"

ಬಡಿತ ನಿಂತಿತು. ಮರುದಿನ ಹೊಂಗೆ ಮರದ ಕೆಳಗೆ ಚಕ್ರವಿರಲಿಲ್ಲ.

ಮೂರು ವರ್ಷ ಕಳೆಯಿತು. ಎರಡನೆಯ ವರ್ಷ ಅಕ್ಕಯ್ಯಮ್ಮ ತೀರಿಕೊಂಡರು. ಕೊನೆಯ ದಿನವೂ ಕೇಳಿದ್ದರು: "ಅವತ್ತು ಬಾಗಿಲು ತೆಗೆದಿದ್ರೆ ಏನಾಗ್ತಿತ್ತು ಮಗಳೇ?"

ಜಗದಾಂಬಾ ಅವನ ಮೇಲೆ ಕತ್ತಿ ಮಸೆಯುತ್ತಲೇ ಚಾಕುವಿಗೆ ಎಣ್ಣೆ ಹಚ್ಚುತ್ತಿದ್ದಳು. ಚಾಕುವಿನದೇನು ತಪ್ಪು? ಸಿಕ್ಕಸಿಕ್ಕವರ ಸಾಣೆಗೆ ಸವೆದು ಅದು ಸಣ್ಣದಾಯಿತು. ಕೊನೆಗೆ ಹಿಡಿಯೂ ಅಲುಗಾಡಿತು. ರಾಜಾಜಿನಗರದ ಹೊಸ ಮನೆಗಳ ಹತ್ತಿರ ಒಬ್ಬ ಹೆಂಗಸು ಸಾಣೆ ಹಿಡಿದು ಹಿಡಿಯನ್ನೂ ಹಾಕಿಸಿಕೊಡುತ್ತಾಳೆಂದು ಯಾರೋ ಹೇಳಿದರು.

ಹೋದಳು. ಹೆಂಗಸು ಚಕ್ರ ತಿರುಗಿಸುತ್ತಿದ್ದಳು. ಅವಳ ಹಿಂದೆ ಬಾಗಿ ಕೂತವನೊಬ್ಬ ತಡವಿ ತಡವಿ ಹಿಡಿ ಕೂರಿಸುತ್ತಿದ್ದ. ಜಗದಾಂಬಾ ಕಲ್ಲಿನ ಮೇಲಿಟ್ಟ ಚಾಕುವನ್ನು ಹೆಂಗಸು ಅವನತ್ತ ಸರಿಸಿದಳು.

ಅವನ ಹೆಬ್ಬೆರಳು ಚಾಕುವಿನ ಬೆನ್ನಿನುದ್ದಕ್ಕೂ ಹರಿದು... ನಿಂತಿತು. ಮೂಗಿನ ಬಳಿ ತಂದ. ಹರಳೆಣ್ಣೆ.

"ನೀಲಮ್ಮಕ್ಕ... ಜಗದಾಂಬಾ ಬಂದಿದಾರಾ?"

ಅವನ ಕಣ್ಣು ಅವಳಿಲ್ಲದ ಕಡೆ ನೋಡುತ್ತಿತ್ತು.

ಜಗದಾಂಬಾ ಹತ್ತಿರ ಬಂದಳು. "ಯಾವಾಗಿಂದ ಹೀಗೆ?"

"ನಿಮ್ಮ ಮನೆಗೆ ಬರೋಕೆ ಐದು ದಿನ ಮುಂಚೆ ಕಿಡಿ ಸಿಡೀತು. ಒಂದು ಕಣ್ಣು ಅವತ್ತೇ ಹೋಯ್ತು. ಇನ್ನೊಂದು ಮಂಜಾಗಿತ್ತು... ಈಗ ಅದೂ ಇಲ್ಲ."

"ಹೇಳ್ಬೋದಿತ್ತಲ್ಲ!"

"ಶನಿವಾರ ಧೈರ್ಯ ಬರ್ಲಿಲ್ಲ. ಸೋಮವಾರ ಹೇಳೋಕಂತ್ಲೇ ಬಂದೆ. ಬಾಗಿಲು ತೆಗೀಲಿಲ್ಲ ನೀವು. ಕಣ್ಣಿನ ವಿಷಯ ಗೊತ್ತಾಗಿದೆ, ಕುರುಡ ಬೇಡ ಅಂತ ಇರ್ಬೇಕು ಅಂದ್ಕೊಂಡೆ."

"ನೀವು ಚಾಕುನ ಕೈಗೆ ಕೊಟ್ರಲ್ಲ! ಕಲ್ಲು ಪಕ್ಕದಲ್ಲೇ ಇತ್ತಲ್ಲ!"

ಅವನು ಕೈಯಲ್ಲಿದ್ದ ಚಾಕುವನ್ನು ಮೆಲ್ಲಗೆ ಮಡಿಲಲ್ಲಿಟ್ಟುಕೊಂಡ.

"ಕಲ್ಲು ಕಾಣಿಸ್ಲಿಲ್ಲ ಜಗದಾಂಬಾ. ತಡಕಿದ್ರೆ ನಿಮಗೆ ಗೊತ್ತಾಗಿಬಿಡ್ತಿತ್ತು."

ಅವಳು ಎದುರಿಗಿದ್ದ ಕಲ್ಲನ್ನು ನೋಡಿದಳು. ಮೂರು ವರ್ಷ... ಅಮ್ಮ... ಒಂದು ಗೇಣು ಕಲ್ಲಿಗೆ!

ನೀಲಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಗದರಿದಳು. "ಊರಿನ ಚಾಕೆಲ್ಲ ಮಸೆದೆ. ನಿಮ್ಮಿಬ್ಬರ ಬುದ್ಧಿಗೆ ಮೊದಲು ಸಾಣೆ ಹಿಡೀಬೇಕಿತ್ತು ನಾನು!"

ಕರಿಬಸಪ್ಪ ಹೊಸ ಹಿಡಿ ಕೂರಿಸಿದ. ಎಡಗೈಯಲ್ಲಿ ಕಲ್ಲನ್ನು ತಡಕತೊಡಗಿದ.

"ಬೇಡ," ಎಂದಳು ಜಗದಾಂಬಾ. "ಕೈಗೇ ಕೊಡಿ."

"ಜಗಳ ಆಗುತ್ತೆ..."

"ಆಗ್ಲಿ. ನನ್ನ ಸಿಟ್ಟು ಇನ್ನೂ ಇಳಿದಿಲ್ಲ. ನಿಮ್ಮದೂ ಇಳಿದಿರಲ್ಲ. ಒಂದೇ ಮನೇಲಿ ಕೂತು ಜಗಳ ಆಡೋಣ."

ಅವನು ಅಲಗನ್ನು ತನ್ನ ಕಡೆ ತಿರುಗಿಸಿಕೊಂಡು ಹಿಡಿಯನ್ನು ಅವಳತ್ತ ಚಾಚಿದ. "ಸಿಕ್ತಾ?"

"ಸಿಕ್ತು." ಹಿಡಿಯೊಂದಿಗೆ ಅವನ ಬೆರಳುಗಳನ್ನೂ ಹಿಡಿದಿದ್ದಳು. "ಸೋಮವಾರ ಬನ್ನಿ. ಬಾಗಿಲು ತೆಗೆದೇ ಇರ್ತೀನಿ."

"ವೀಳ್ಯದೆಲೆ ತರ್ಲಾ?"

"ತನ್ನಿ... ಕೇಳೋಕೆ ಅಮ್ಮ ಇಲ್ಲ. ನನ್ನನ್ನೇ ಕೇಳಿ."