ಖಾಲಿ ಮೊಳೆ

ಕಲ್ಲು ನೇರವಾಗಿ ಅವನ ಹುಬ್ಬಿಗೇ ಬಡಿಯಿತು!

ರಕ್ತ ಕಣ್ಣಿಗಿಳಿದರೂ ಅವನು ಕದಲಲಿಲ್ಲ. "ಇನ್ನೂ ಇದೆಯಾ?" ಎಂದ.

"ಇಡೀ ಬೆಟ್ಟವೇ ಇದೆ! ಸುರಂಗ ಮುಟ್ಟಿ ನೋಡು, ಎಲ್ಲಾ ನಿನ್ನ ತಲೆ ಮೇಲೇ ಹಾಕ್ತೀನಿ!"

ಅವಳು ಹಳೆಯ ಗಣಿಯನ್ನು ಪ್ರವಾಸಿಗರಿಗೆ ತೋರಿಸುವ ಗೈಡ್. ಅವನು ಬಂಡೆ ಸಿಡಿಸುವವನು. ಹೊಸ ಗಣಿಯ ಲಾರಿಗಳಿಗೆ ದಾರಿ ಮಾಡಲು ಕಂಟ್ರಾಕ್ಟರ್ ಕರೆಸಿದ್ದ. ಗಣಿಯ ಸುರಂಗದ ಬಾಯಿಗೆ ನೂರು ವರ್ಷದ ಕಲ್ಲಿನ ಕಮಾನು, ಪಕ್ಕದಲ್ಲೇ ಜಲಪಾತ, ನೀಲಿ ಹೂ ಮುಚ್ಚಿದ ಇಳಿಜಾರು... ಇದೆಲ್ಲ ಪುಡಿಯಾಗುತ್ತದೆಂದರೆ ಯಾರ ಕರುಳು ಚುರುಕ್ಕೆನ್ನುವುದಿಲ್ಲ? ಅವಳಿಗಂತೂ ಅದು ಅಪ್ಪನ ಸಮಾಧಿ. ಚಾವಣಿ ಕುಸಿದ ದಿನ ಒಳಗಿದ್ದವನ ದೇಹ ಹೊರಗೆ ಬರಲೇ ಇಲ್ಲ.

ಗಣಿಗೆ ಇಳಿಯುವವನು ಬಾಗಿಲ ಹಲಗೆಯಿಂದ ತನ್ನ ಹಿತ್ತಾಳೆ ಬಿಲ್ಲೆ ತೆಗೆದುಕೊಂಡು ಹೋಗಬೇಕು, ಬಂದ ಮೇಲೆ ಮತ್ತೆ ತೂಗುಹಾಕಬೇಕು. ಮೊಳೆ ಖಾಲಿ ಇದ್ದರೆ ಒಳಗೆ ಆಳು ಇದ್ದಾನೆ ಎಂದೇ ಅರ್ಥ. ಒಳಗೇ ಉಳಿದವರಿಗೆ ಜೊತೆಗಾರರು ಹೊಸ ಬಿಲ್ಲೆ ಮಾಡಿಸಿ ಹಾಕಿದ್ದರು, ಆತ್ಮವಾದರೂ ಮನೆ ಸೇರಲಿ ಎಂದು.

ಮರುದಿನ ಬೆಳಿಗ್ಗೆ ಸಿಡಿಮದ್ದು ತುಂಬಿದ್ದು ಕಂಡು ಅವಳು ಅಪ್ಪನ ಬಿಲ್ಲೆ ಕಿತ್ತುಕೊಂಡು ಇಳಿಜಾರು ಹತ್ತಿದಳು. 'ಇದಾದರೂ ನನಗೆ ಉಳಿಯಲಿ...' ಗಣಿಯವನ ಮಗಳಾಗಿಯೂ ಖಾಲಿ ಮೊಳೆಯ ಅರ್ಥ ಮರೆತಳು. ದುಃಖಕ್ಕೆ ಬುದ್ಧಿ ಎಲ್ಲಿ?

ಅವನು ಮರೆಯಲಿಲ್ಲ. ಮದ್ದು ಸಿಡಿಸುವ ಸ್ವಿಚ್ಚಿನ ಕೀಲಿ ತಿರುಗಿಸುವ ಮೊದಲು ಹಲಗೆ ನೋಡುವುದು ಅವನ ಅಭ್ಯಾಸ. ಕಲ್ಲೆಸೆದವಳು ಯಾರೆಂದು ವಿಚಾರಿಸುತ್ತ ಆ ಬಿಲ್ಲೆಯ ಕಥೆಯನ್ನೂ ಕೇಳಿಕೊಂಡಿದ್ದ. ಈಗ ಆ ಮೊಳೆ ಖಾಲಿ: ಬಿಲ್ಲೆ ಹಿಡಿದು ಅವಳೇ ಒಳಗೆ ಹೋಗಿರಬೇಕು.

"ಅವಳು ಒಳಗಿದ್ದಾಳೆ! ನಾನು ಸಿಡಿಸಲ್ಲ!"

"ಅದು ಪ್ರದರ್ಶನಕ್ಕಿಟ್ಟ ಹಲಗೆ ಕಣೋ! ಊರಿನವರು ಬರೋದ್ರೊಳಗೆ ಒತ್ತು!" ಎಂದು ಅಬ್ಬರಿಸಿದ ಕಂಟ್ರಾಕ್ಟರ್.

ಅವನು ಕೀಲಿ ಕಿತ್ತು ಕಮರಿಗೆ ಎಸೆದೇ ಬಿಟ್ಟ! ಕಬ್ಬಿಣದ ಸಲಾಕೆ ಬೆನ್ನಿಗೆ ಬಿತ್ತು. ಬಿದ್ದವನ ಪಕ್ಕೆಗೆ ಒದೆಗಳು ಬಿದ್ದವು. ತೆವಳಿಕೊಂಡೇ ಸುರಂಗದತ್ತ ಹೊರಟವನ ಕೈಯನ್ನು ಕಂಟ್ರಾಕ್ಟರ್ ಬೂಟಿನಿಂದ ತುಳಿದ. ಬೆರಳುಗಳು ಲಟಕ್ಕೆಂದು ಮುರಿದವು.

"ಹೊರಗೆ ಬಾರೇ! ನಿನಗೆ ಕೈಮುಗಿತೀನಿ, ಹೊರಗೆ ಬಾ!" ಎಂದು ಅವನು ಕತ್ತಲಿಗೆ ಕೂಗುತ್ತಲೇ ಇದ್ದ.

ಇಳಿಜಾರಿನ ಮೇಲಿದ್ದ ಅವಳಿಗೆ ಆ ಕೂಗು ಕೇಳಿಸಿತು. 'ಅಯ್ಯೋ... ನನಗಾಗಿಯಾ?' ಓಡಿಬಂದವಳೇ ಅಲ್ಲಿ ಬಿದ್ದಿದ್ದ ಸಲಿಕೆ ಎತ್ತಿ ಬೀಸಿದಳು. ಮಂಡಿಗೆ ಏಟು ಬಿದ್ದ ಕಂಟ್ರಾಕ್ಟರ್ ಕುಸಿದ. ಗಲಾಟೆ ಕೇಳಿ ಬಂದ ಊರಿನವರು ಸುರಂಗದ ಬಾಯಿಗೆ ಅಡ್ಡ ನಿಂತರು. ಪೊಲೀಸರು ಬಂದು ಮದ್ದು ತೆಗೆಸುವವರೆಗೂ ಒಬ್ಬರೂ ಅಲುಗಾಡಲಿಲ್ಲ.

ಅವನ ತಲೆ ಅವಳ ಮಡಿಲಲ್ಲಿತ್ತು.

"ನೀನು... ಒಳಗಿರಲಿಲ್ವಾ?"

"ಇಲ್ಲ. ನನ್ನದೇ ತಪ್ಪು. ನಿಮ್ಮನ್ನ ರಾಕ್ಷಸ ಅಂದ್ಕೊಂಡಿದ್ದೆ..." ಅವಳು ಬಿಕ್ಕಿದಳು.

"ಸುರಂಗ ಉಳೀತಲ್ಲ. ನಡೆಯೋಕಾದ ಮೇಲೆ ನನ್ನ ಒಳಗೆ ಕರ್ಕೊಂಡು ಹೋಗ್ತೀಯಾ? ನಿಮ್ಮಪ್ಪನ ಹತ್ರ ಒಂದು ಕೇಳ್ಬೇಕು."

"ಏನು?"

"ಮಗಳನ್ನ."

ಅವಳು ಆ ಮುರಿದ ಕೈಗೆ ನೋವಾಗದಂತೆ ತುಟಿ ತಾಗಿಸಿದಳು.

"ಅಪ್ಪ ಸ್ವಲ್ಪ ಕೋಪಿಷ್ಠ. ಮೊದಲು ನಾನು ಮಾತಾಡ್ತೀನಿ..."